ಸನ್ನಿ ಬಂದರೆ ಬೆಕ್ಕು ಸಾಯುವುದಿಲ್ಲ

ತೊಂಬತ್ತೆಂಟರ ಆಷಾಢ. ತುರುವೇಕೆರೆ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ನಾನು ವೈದ್ಯಾಧಿಕಾರಿಯಾಗಿ ಬಂದು ಎರಡು ವರ್ಷವಾಗಿತ್ತು. ನಾಲ್ಕು ಮಂಚ, ಒಂದು ಆಕ್ಸಿಜನ್ ಸಿಲಿಂಡರ್, ಚಿಲಕವಿಲ್ಲದ ಕಿಟಕಿಗಳು. ಚಿಲಕ ಹಾಕಿಸಿಕೊಡಿ ಎಂದು ಮೇಲಿನವರಿಗೆ ಬರೆದು ಬರೆದು ಸಾಕಾಗಿತ್ತು. ಆ ಕಿಟಕಿಗಳು ನನಗಿಂತ ಒಳ್ಳೆಯ ವೈದ್ಯರೆಂದು ಆಗ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ದಂಡಿನಶಿವರದ ಕಡೆಯ ಹಳ್ಳಿಯಿಂದ ನಂಜಮ್ಮ ಎಂಬುವರು ತಮ್ಮ ಮಗಳು ಗಿರಿಜಳನ್ನು ಕರೆತಂದರು. ಚೊಚ್ಚಲ ಬಾಣಂತಿ, ನಂಜಮ್ಮನ ಕಂಕುಳಲ್ಲಿ ಇಪ್ಪತ್ತು ದಿನದ ಮಗು, ಅದೂ ನಿದ್ದೆಯ ಮಂಪರಿನಲ್ಲಿತ್ತು. ತಲೆಸಿಡಿತ, ವಾಂತಿ, ಮಂಪರು. ಜ್ವರವಿಲ್ಲ, ರಕ್ತದೊತ್ತಡ ಸರಿಯಾಗಿತ್ತು. ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವಿರಬೇಕೆಂದು ನಂಜಮ್ಮನನ್ನು ಗದರಿಸಿ ಡ್ರಿಪ್ ಹಾಕಿದೆ. ಸಂಜೆಗೆ ಹುಡುಗಿ ಎದ್ದು ಕೂತು ಕಾಫಿ ಕೇಳಿದಳು. ಎಲ್ಲ ನನ್ನ ಡ್ರಿಪ್ಪಿನ ಮಹಿಮೆ ಎಂದು ಒಳಗೊಳಗೇ ಬೀಗಿದೆ.

ನಾಲ್ಕನೇ ದಿನ ಮತ್ತೆ ಬಂದರು. ಅದೇ ತಲೆಸಿಡಿತ, ಅದೇ ವಾಂತಿ. ಮಧ್ಯಾಹ್ನಕ್ಕೆ ಮತ್ತೆ ಗೆಲುವು. ಹೊರಡುವಾಗ ಗಿರಿಜ ನನ್ನ ಕೈ ಹಿಡಿದುಕೊಂಡಳು.

"ಆ ಬಾಣಂತಿ ಕ್ವಾಣೆಗೆ ಮಾತ್ರ ಕಳಿಸ್ಬ್ಯಾಡಿ ಡಾಕ್ಟ್ರಮ್ಮ. ಒಳಕ್ಕೋದ್ರೆ ಜೀವ ಹಿಂಡ್ದಂಗಾಯ್ತದೆ."

ಹೆರಿಗೆಯ ನಂತರ ಕೆಲವರಿಗೆ ಮನಸ್ಸಿನ ಕಾಯಿಲೆ ಬರುವುದುಂಟು, ಜನ ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ಅಂಥ ತಾಯಿ ಮಗುವಿಗೂ ಅಪಾಯ ಮಾಡಬಹುದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಒಮ್ಮೆ ಸನ್ನಿ ಎಂದುಕೊಂಡ ಮೇಲೆ ಅವಳ ಪ್ರತಿಯೊಂದು ಮಾತೂ ನನಗೆ ಸನ್ನಿಯಾಗಿಯೇ ಕೇಳಿಸಿತು. ಮಗುವನ್ನು ಅವಳೊಬ್ಬಳ ಹತ್ತಿರವೇ ಬಿಡಬೇಡಿ ಎಂದು ನಂಜಮ್ಮನಿಗೆ ಗುಟ್ಟಾಗಿ ಹೇಳಿ ಕಳಿಸಿದೆ.

ಮೂರನೇ ಸಲ ಬಂದಾಗ ಜಿಟಿಜಿಟಿ ಮಳೆ. ಗಿರಿಜಳನ್ನು ಮಲಗಿಸಿ, ಮಾನಸಿಕ ಆಸ್ಪತ್ರೆಗೆ ಪತ್ರ ಬರೆಯುತ್ತಾ ಕುಳಿತೆ. ನಂಜಮ್ಮ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು.

"ಗಾಳಿ ಗೀಳಿ ಇರ್ಬೌದಾ ಕಣವ್ವ? ಅವಳ ಮಂಚದ ಕೆಳಗೆ ಮಲಗ್ತಿದ್ದ ಬೆಕ್ಕೂ ನೆನ್ನೆ ಸತ್ತೋಯ್ತು."

ನನ್ನ ಪೆನ್ನು ನಿಂತಿತು. ಸನ್ನಿ ಬಂದರೆ ಬೆಕ್ಕು ಸಾಯುವುದಿಲ್ಲ. ಬೆಕ್ಕು ಬಾಣಂತಿಯ ಮೆಣಸಿನ ಸಾರು ತಿಂದಿಲ್ಲ, ಅವಳ ಮಾತ್ರೆ ನುಂಗಿಲ್ಲ. ಇಬ್ಬರಿಗೂ ಸಮಾನವಾದದ್ದು ಆ ಕೋಣೆಯ ಗಾಳಿ ಒಂದೇ. ಇಲ್ಲಿ ಅವಳು ಗೆಲುವಾದದ್ದೂ ಡ್ರಿಪ್ಪಿನಿಂದಲ್ಲ, ಚಿಲಕವಿಲ್ಲದ ಕಿಟಕಿಗಳ ಗಾಳಿಯಿಂದ.

"ಕೋಣೆಯಲ್ಲಿ ಬೆಂಕಿ ಇಡ್ತೀರಾ?"

"ಊಂ ಕಣವ್ವ, ಅಗ್ಗಿಷ್ಟಿಕೆ. ಬಾಣಂತಿಗೂ ಬೆಚ್ಚಗಾಯ್ತದೆ, ಅಟ್ಟದ ಮ್ಯಾಲಿನ ಕೊಬ್ಬರಿನೂ ಮುಗ್ಗಲು ಹಿಡಿಯಕಿಲ್ಲ. ಹೊಗೆ ಮಗಿಗೆ ಆಗಕಿಲ್ಲ ಅಂತ ಸೌದೆ ಬುಟ್ಟು ತೆಂಗಿನ ಚಿಪ್ಪಿನ ಇದ್ದಿಲೇ ಹಾಕ್ತೀವಿ."

ಆಗಲೇ ನಾನು ಅವರ ಕಂಕುಳು ನೋಡಿದ್ದು. ಅಲ್ಲಿ ಮಗುವಿರಲಿಲ್ಲ.

"ಮಗು ಎಲ್ಲಿ?"

"ಕ್ವಾಣೇಲೇ ಬೆಚ್ಚಗೆ ಮಲಗ್ಸಿ ಬಂದಿವ್ನಿ, ಸೊಸೆ ನೋಡ್ಕತಾವ್ಳೆ. ನೀವೇ ಯೋಳಿದ್ರಲ್ಲ, ಮಗೀನ ಅವಳ ತಾವ ಬುಡಬ್ಯಾಡಿ ಅಂತ."

ಗಿರಿಜಳನ್ನು ನರ್ಸಿಗೆ ಒಪ್ಪಿಸಿ, ಸಿಲಿಂಡರನ್ನು ಕೇಂದ್ರದ ಜೀಪಿಗೆ ಹಾಕಿಸಿ ನಂಜಮ್ಮನೊಂದಿಗೆ ಹೊರಟೆ. ಆ ಆರು ಕಿಲೋಮೀಟರಿನುದ್ದಕ್ಕೂ ಡ್ರೈವರಿಗೆ ಬೇಗ ಬೇಗ ಎನ್ನುತ್ತಲೇ ಇದ್ದೆ.

ಸೊಸೆ ಅಡುಗೆಮನೆಯಲ್ಲಿದ್ದಳು. ಕೋಣೆಯ ಒಂದೇ ಕಿಟಕಿಗೆ ಗೋಣಿಚೀಲ ತುರುಕಿ ಸಗಣಿ ಮೆತ್ತಿದ್ದರು. ಬಾಗಿಲ ಸಂದಿಗೆ ಹಳೇ ಸೀರೆ. ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಒಣಗುತ್ತಿದ್ದ ಕಾಯಿ, ಕೆಳಗೆ ಕೆಂಪಗೆ ಕೆಂಡ. ಒಂದಿಷ್ಟೂ ಹೊಗೆಯಿಲ್ಲ. ಗಾಳಿಯಾಡದ ಕಡೆ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಕೂರುತ್ತದೆ. ಹೊಗೆಯಾದರೂ ಬಂದಿದ್ದರೆ ಕೆಮ್ಮಿ ಬಾಗಿಲು ತೆಗೆಯುತ್ತಿದ್ದರು.

ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋತುಬಿತ್ತು. ಉಸಿರು ಇತ್ತೋ ಇಲ್ಲವೋ ಎನ್ನುವಷ್ಟಿತ್ತು. ಮಾಸ್ಕ್ ಹಿಡಿದು ಅಂಗಾಲು ಉಜ್ಜುತ್ತಲೇ ಇದ್ದೆ. ಮಳೆ ಹನಿ ಮುಖಕ್ಕೆ ಬಿದ್ದಾಗ ಮಗು ಮೂಗು ಸಿಂಡರಿಸಿತು, ಆಮೇಲೆ ಸಣ್ಣಗೆ ಅತ್ತಿತು. ಗಿರಿಜಳನ್ನೂ ಹತ್ತಿಸಿಕೊಂಡು, ಆಕ್ಸಿಜನ್ ಬಿಡದೆ ತಿಪಟೂರಿನ ಆಸ್ಪತ್ರೆಗೆ ಸಾಗಿಸಿದೆವು. ಐದನೇ ದಿನ ತಾಯಿ ಮಗು ಇಬ್ಬರೂ ಮನೆಗೆ ಮರಳಿದರು. ಅಷ್ಟರಲ್ಲಿ ನಂಜಮ್ಮ ಆ ಗೋಣಿಚೀಲ ಕಿತ್ತುಹಾಕಿದ್ದರು.

ಮನೆಗೆ ನೋಡಲು ಹೋದಾಗ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬೆಕ್ಕಿನ ವಿಷ್ಯ ನಾನು ಮೊದ್ಲೇ ಯೋಳ್ಬೇಕಾಗಿತ್ತು ಕಣವ್ವ."

ಅವರದೇನೂ ತಪ್ಪಿಲ್ಲ ಎಂದೆ. ಬೆಕ್ಕು ಸಾಯುವ ಮೊದಲೇ ಗಿರಿಜ ನನಗೆ ಹೇಳಿಯಾಗಿತ್ತು. ಅವಳ ಕೇಸ್ ಶೀಟಿನಲ್ಲಿ, ಎರಡನೇ ಭೇಟಿಯ ದಿನ, ರೋಗಲಕ್ಷಣಗಳ ಕೆಳಗೆ ನನ್ನ ಕೈಬರಹದಲ್ಲೇ ಇದೆ: 'ಕೋಣೆಯ ಬಗ್ಗೆ ಕಾರಣವಿಲ್ಲದ ಭಯ.' ಅವಳು ಹೇಳಿದ್ದು ಕಾರಣವನ್ನೇ. ಲಕ್ಷಣವೆಂದು ಬರೆದುಕೊಂಡವಳು ನಾನು. ಅಲ್ಲಿಂದ ಮುಂದೆ, ನಿವೃತ್ತಿಯಾಗುವ ದಿನದವರೆಗೂ, ಏನು ತಿಂದಿರಿ ಎಂದು ಕೇಳುವ ಮೊದಲು ಎಲ್ಲಿ ಮಲಗುತ್ತೀರಿ ಎಂದು ಕೇಳಿದ್ದೇನೆ.