ನಾನು ಬರೆಯದೆ ಬಿಟ್ಟ ಸಾಬೂನು

ವಿಮಾನ ಕಾರ್ಖಾನೆಯಲ್ಲಿ ನನಗೆ ಸಿಕ್ಕ ಮೊದಲ ಜವಾಬ್ದಾರಿ ಬರೆಯುವುದು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಕಾರ್ಖಾನೆಯ ಆರಂಭದಲ್ಲಿ ಸೇರಿದ್ದ ಹಳೆಯ ಕೆಲಸಗಾರರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ಅವರ ಕೈಯೊಳಗಿನ ವಿದ್ಯೆಯೂ ಅವರ ಜೊತೆ ಗೇಟು ದಾಟಿ ಹೋಗುತ್ತಿದೆ ಎಂಬುದು ಮೇಲಿನವರಿಗೆ ತಡವಾಗಿ ಹೊಳೆಯಿತು. ಡ್ರಾಯಿಂಗುಗಳೇನೋ ಬೀರುಗಟ್ಟಲೆ ಇದ್ದವು. ಆದರೆ ತಗಡು ಕೊನೆಗೆ ಹೇಗಿರಬೇಕು ಎಂದಷ್ಟೇ ಡ್ರಾಯಿಂಗ್ ಹೇಳುತ್ತದೆ. ಹಾಗಾಗಬೇಕಾದರೆ ಎಲ್ಲಿ, ಎಷ್ಟು ಬಡಿಯಬೇಕು ಎಂದು ಹೇಳುವುದಿಲ್ಲ. ಅದಕ್ಕೆ ‘ನೋಹೌ ಫೈಲು’, ಅಂದರೆ ಕೆಲಸದ ಒಳಗುಟ್ಟುಗಳ ಕಡತ, ಎಂದೊಂದು ತೆರೆದರು. ನಿವೃತ್ತಿ ಹತ್ತಿರ ಬಂದವರ ಪಕ್ಕ ಕುಳಿತು, ಅವರ ಕೆಲಸವನ್ನು ನೋಡಿ, ಕೇಳಿ, ಇಂಗ್ಲಿಷಿನಲ್ಲಿ ಬರೆದು, ಅವರ ಸಹಿ ಹಾಕಿಸಿ ಫೈಲಿಗೆ ಸೇರಿಸುವುದು ನನ್ನ ಪಾಲಿಗೆ ಬಂತು.

ನನಗೆ ಅದು ಹೆಮ್ಮೆಯ ಕೆಲಸವಾಗಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಅವ್ವ ಅದೇ ಪೇಟೆಯಲ್ಲಿ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಸಂಜೆ ಮನೆಗೆ ಬಂದರೆ ನನ್ನ ಮುಖ ಮುಟ್ಟುತ್ತಿರಲಿಲ್ಲ, ಕಣ್ಣು ಉರಿದೀತೆಂದು. ಹಾವೇರಿಯಲ್ಲಿ ಪಿಯುಸಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದೆ. ಇಂಗ್ಲಿಷನ್ನು ನಾನು ಕಲಿತದ್ದು ಕಲ್ಲು ಒಡೆದ ಹಾಗೆ, ಒಂದೊಂದೇ ಏಟು. ಕಾರ್ಖಾನೆಯ ತರಬೇತಿಯ ಮೊದಲ ವಾರದಲ್ಲಿ ಎಣ್ಣೆಯ ಜಿಗುಟನ್ನು ವಿವರಿಸು ಎಂದಾಗ ಬೆಲ್ಲದ ಪಾಕದ ಮಾತು ಹೇಳಿ, ಕೋಣೆಯ ತುಂಬ ನಗೆ ಎಬ್ಬಿಸಿದ್ದೆ. ಅಂದಿನಿಂದ ಮನೆಯ ಮಾತು ಮನೆಯಲ್ಲಿ, ಹಾಳೆಯ ಮಾತು ಹಾಳೆಯಲ್ಲಿ ಎಂದು ಗಟ್ಟಿ ಮಾಡಿಕೊಂಡೆ.

ತಗಡು ವಿಭಾಗದಲ್ಲಿ ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನವರೊಬ್ಬರಿದ್ದರು. ನಮ್ಮ ಕಡೆಯವರಾದ್ದರಿಂದ ಅವರನ್ನು ಕಾಕಾ ಎನ್ನುತ್ತಿದ್ದೆ. ಕನ್ನಡದಲ್ಲಿ ಸಹಿ ಮಾಡುವಷ್ಟು ಅಕ್ಷರ ಮಾತ್ರ ಗೊತ್ತು. ವಿಮಾನದ ರೆಕ್ಕೆ ಹೊಟ್ಟೆಗೆ ಕೂಡುವ ಸಂದಿಯನ್ನು ಮುಚ್ಚುವ ಒಂದು ತಗಡಿದೆ. ಅದರ ಒಂದು ಮೂಲೆ ಎರಡು ಕಡೆಗೂ ಬಾಗಬೇಕು. ಉಳಿದದ್ದನ್ನೆಲ್ಲ ಯಂತ್ರ ಮಾಡುತ್ತಿತ್ತು, ಆ ಮೂಲೆಯನ್ನು ಮಾತ್ರ ಕಾಕಾ ಕೈಯಿಂದ ಬಡಿಯಬೇಕಿತ್ತು. ಅಲ್ಯುಮಿನಿಯಂ ಬಡಿದಷ್ಟೂ ಬಿರುಸಾಗುತ್ತದೆ. ನಡುನಡುವೆ ಬೆಂಕಿ ತೋರಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಕಬ್ಬಿಣದಂತೆ ಅದು ಕೆಂಪಗಾಗಿ ಸೂಚನೆ ಕೊಡುವುದಿಲ್ಲ. ಸ್ವಲ್ಪ ಹೆಚ್ಚಾದರೂ ನೋಡನೋಡುತ್ತ ಕುಸಿದುಬಿಡುತ್ತದೆ.

“ಎಷ್ಟು ಕಾಸಬೇಕಂತ ಹೆಂಗ ಗೊತ್ತಾಗ್ತೈತ್ರಿ ಕಾಕಾ?” ಎಂದು ಕೇಳಿದೆ.

“ಸಾಬೂನ ಹೇಳ್ತೈತಿ.”

“ಹಂಗಂದ್ರ?”

“ಹಂಗಂದ್ರ ಹಂಗ. ನಿಮ್ಮವ್ವ ಅರಿವಿ ಒಗ್ಯಾಕ ತರ್ತಾಳಲ್ಲ, ಹಳದಿ ಬಾರ್ ಸಾಬೂನ, ಅದು. ಇಂಜಿನಿಯರ್ ಆದ ಮ್ಯಾಲ ನಿನ್ನ ಅಂಗಿ ತಾನ ಬೆಳ್ಳಗ ಆಕ್ಕಾವೇನು?”

ಅವರು ತಗಡಿನ ಮೂಲೆಗೆ ಸಾಬೂನಿನಿಂದ ಬೆರಳಗಲ ಗೆರೆ ಎಳೆದು, ಹಿಂಬದಿಯಿಂದ ಬೆಸುಗೆಗೆ ಬಳಸುವ ಬ್ಲೋಲ್ಯಾಂಪಿನ ಉರಿ ಆಡಿಸಿದರು. ಗೆರೆ ಹಳದಿಯಿಂದ ನಿಧಾನಕ್ಕೆ ಕಂದಿಗೆ ತಿರುಗಿತು. ಥಟ್ಟನೆ ಉರಿ ಸರಿಸಿದರು.

“ಈಗ. ಇದಕ್ಕಿಂತ ಮೊದಲಾದ್ರ ತಗಡ ಸಿಟ್ಟಿನ್ಯಾಗ ಇರ್ತೈತಿ, ಸೀಳ್ತೈತಿ. ಆಮ್ಯಾಲಾದ್ರ ಸತ್ತ ಹೋಗಿರ್ತೈತಿ. ಬರಕೋ.”

ನಾನು ಬರೆದುಕೊಳ್ಳಲಿಲ್ಲ. ಬಟ್ಟೆ ಒಗೆಯುವ ಸಾಬೂನನ್ನು ವಿಮಾನದ ಹಾಳೆಯಲ್ಲಿ ಬರೆಯುವುದು ಹೇಗೆ? ಮೇಜಿನ ಮುಂದೆ ಕುಳಿತಾಗ ಆ ತರಬೇತಿ ಕೋಣೆಯ ನಗೆ ಕಿವಿಯಲ್ಲಿ ಇನ್ನೂ ಇತ್ತು. ಲೋಹದ ಕೈಪಿಡಿ ತೆರೆದು, ಅದರಲ್ಲಿದ್ದ ಡಿಗ್ರಿಯನ್ನು ಎತ್ತಿ, ಮೂಲೆಯನ್ನು ಇಷ್ಟು ಬಿಸಿಗೆ ಕಾಯಿಸತಕ್ಕದ್ದು ಎಂದು ಚೊಕ್ಕ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದೆ. ಉರಿಯ ಬಾಯಿಯಲ್ಲಿ, ಅಷ್ಟು ಸಣ್ಣ ಜಾಗದಲ್ಲಿ, ಆ ಡಿಗ್ರಿಯನ್ನು ಅಳೆಯುವ ಸಾಧನ ವಿಭಾಗದಲ್ಲಿ ಇರಲೇ ಇಲ್ಲ. ಅದು ನನಗೆ ಗೊತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಸಹಿಯ ದಿನ ಆಯಿತು. “ಕನ್ನಡದಾಗ ಓದಿ ಹೇಳೋ ತಮ್ಮಾ, ನಾ ಹೇಳಿದ್ದ ಹೌದಿಲ್ಲೋ ನೋಡೂಣು” ಎಂದರು ಕಾಕಾ. ಹಾಳೆ ಹಿಡಿದು ಓದಿದೆ. ಡಿಗ್ರಿಯ ಸಾಲು ಬಂದಾಗ ಸಾಬೂನು, ಗೆರೆ, ಕಂದು ಬಣ್ಣ ಎಲ್ಲವನ್ನೂ ಅದರಲ್ಲೇ ಇದ್ದಂತೆ ಓದಿಬಿಟ್ಟೆ. ನಾಲಿಗೆ ತಡವರಿಸಲೂ ಇಲ್ಲ. ಅವರು ತಲೆ ಆಡಿಸಿ, ಅಕ್ಷರ ಕೂಡಿಸಿ ಸಹಿ ಮಾಡಿ, ಒಂದು ಪ್ರತಿ ಕೇಳಿ ಇಸಿದುಕೊಂಡರು. ತಮ್ಮ ಕೆಲಸ ಕಾಗದದ ಮೇಲೆ ಬಂದದ್ದು ಅವರಿಗೆ ಅದೇ ಮೊದಲು.

ಅವರು ಊರಿಗೆ ಹೋದ ಮರು ವರ್ಷ ಆ ಮೂಲೆಗಳು ಸೀಳತೊಡಗಿದವು. ಅವರ ಜಾಗಕ್ಕೆ ಬಂದವನು ಕಾಕಾ ಸಾಬೂನು ಹಚ್ಚುವುದನ್ನು ದೂರದಿಂದ ಕಂಡಿದ್ದ. ತಾನೂ ಹಚ್ಚಹೋದಾಗ ತಪಾಸಣೆಯವರು “ಹಾಳೆಯಲ್ಲಿ ಎಲ್ಲಿದೆ ತೋರಿಸು” ಎಂದು ನಿಲ್ಲಿಸಿದರು. ವಿಮಾನದ ಕೆಲಸದಲ್ಲಿ ಹಾಳೆಯಲ್ಲಿ ಇಲ್ಲದ್ದನ್ನು ಮಾಡುವ ಹಾಗಿಲ್ಲ. ಆ ನಿಯಮ ಸರಿಯಾದದ್ದೇ. ವಿಚಾರಣೆ ನಡೆಯಿತು. ಮಾಡುತ್ತಿದ್ದದ್ದು ಒಂದು, ಸಹಿ ಹಾಕಿದ್ದು ಇನ್ನೊಂದು, ಅಂದರೆ ಈ ಮನುಷ್ಯ ಬೇಕೆಂದೇ ವಿದ್ಯೆಯನ್ನು ಮುಚ್ಚಿಟ್ಟು ಹೋಗಿದ್ದಾನೆ ಎಂದು ಟಿಪ್ಪಣಿ ಬಿತ್ತು.

ನಮ್ಮ ಅಧಿಕಾರಿ ನನ್ನನ್ನು ಕರೆದರು. “ನಿಮ್ಮ ಕಡೆಯವರಲ್ವೇನ್ರೀ? ಹೋಗಿ ಒಂದು ಹೇಳಿಕೆ ಬರೆಸ್ಕೊಂಡು ಬನ್ನಿ. ಈ ಹಳಬರೆಲ್ಲ ಹೀಗೇ, ಹೊಟ್ಟೇಲಿಟ್ಕೊಂಡೇ ಹೋಗ್ತಾರೆ.”

“ಆಯ್ತು ಸರ್” ಎಂದೆ. ನನ್ನ ಹಾಳೆಗಳನ್ನು ಮಾದರಿಯೆಂದು ಬೇರೆ ವಿಭಾಗದವರಿಗೆ ತೋರಿಸುತ್ತಿದ್ದ ದಿನಗಳವು. ಬಡ್ತಿಯ ಸಂದರ್ಶನವೂ ಹತ್ತಿರವಿತ್ತು. ಆ ಎರಡು ಮಾತು ಹೇಳಿ ಹೊರಬಂದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಬೆಳಿಗ್ಗೆ ರಾಣೇಬೆನ್ನೂರಿನಲ್ಲಿ ಇಳಿದು ಕುಪ್ಪೇಲೂರಿನ ಬಸ್ಸು ಹತ್ತಿದೆ. ಚೀಲದಲ್ಲಿ ಇಂಗ್ಲಿಷಿನ ಹೇಳಿಕೆ ಪತ್ರ ಟೈಪಾಗಿ ಬಂದಿತ್ತು, ಸಹಿಯ ಜಾಗ ಮಾತ್ರ ಖಾಲಿ.

ಕಾಕಾ ಕಟ್ಟೆಯ ಮೇಲೆ ಕುಳಿತು ಯಾರದೋ ಔಷಧ ಹೊಡೆಯುವ ಪಂಪಿನ ತಳ ಬೆಸೆಯುತ್ತಿದ್ದರು. “ಬಾ ತಮ್ಮಾ. ಮೊದಲ ಕೈಕಾಲ ತೊಳಕೋ, ರೊಟ್ಟಿ ಬಿಸಿ ಅದಾವ” ಎಂದರು. ಯಾಕೆ ಬಂದೆ ಎಂದು ಕೇಳಲಿಲ್ಲ. ಬಡಿಸಿದವರು ಅವರ ಸೊಸೆ, ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಊಟವಾದ ಮೇಲೆ ಕಾಕಾ ಟ್ರಂಕಿನಿಂದ ಹಾಳೆಯ ಪ್ರತಿ ತೆಗೆದು ನನ್ನ ಮುಂದಿಟ್ಟರು.

“ಹೋದ ವರ್ಷನ ಓದಿ ಹೇಳೇನ್ರಿ ಇವರಿಗೆ” ಎಂದರು ಸೊಸೆ, ಬಾಗಿಲಲ್ಲಿ ನಿಂತೇ. “ಮಾವಾರು ಸಾಬೂನಿನ ಸಾಲು ಎಲ್ಲೈತಿ, ಎಲ್ಲೈತಿ ಅಂತ ಕೇಳಿದ್ರು. ನಾ ಎರಡ ಸಲ ಹುಡುಕಿದ್ನಿರಿ.”



“ನಾ ಏನ ತಿಳಕೊಂಡೆ ಅಂದಿ?” ಎಂದರು ಕಾಕಾ. “ಅಲ್ಲಿ ಹೊಸಾ ಮಷಿನ್ ಬಂದಿರಬೇಕು, ಸಾಬೂನ ಬ್ಯಾಡಾಗಿರಬೇಕು, ಇಲ್ಲಾಂದ್ರ ನಮ್ಮ ತಮ್ಮ ಸುಳ್ಳ ಯಾಕ ಓದ್ಯಾನು ಅಂತ. ಹೋದ ವಾರ ರಾಣೇಬೆನ್ನೂರಿಗೆ ಹೋದಾಗ ಖರೇ ಸಂಗತಿ ತಿಳೀತು. ನಮ್ಮ ಕಡಿಯಿಂದ ಕಾರ್ಖಾನ್ಯಾಗ ಇದ್ದ ಹಳೇ ತಗಡಿನ ಮಂದಿ ಬಸ್‌ಸ್ಟ್ಯಾಂಡ್ ಹೊಟೇಲಿನ್ಯಾಗ ಭಾನುವಾರ ಕೂಡ್ತೇವಿ. ಕಾರ್ಖಾನಿ ಸುದ್ದಿ ಅಲ್ಲೀತನಾ ಬಂದಿತ್ತು, ಎಲ್ಲಾರ ಮುಂದ ಒಬ್ಬಾಂವ ಅಂದ, ಏನಪಾ, ವಿಮಾನದ ಮೂಲಿ ಗಂಟ ಕಟಗೊಂಡ ಬಂದಿಯಂತಲ್ಲ, ಮಾರಾಕ ಇಟ್ಟೀಯೇನ ಅಂತ. ಎಲ್ಲಾರೂ ನಕ್ರು. ನಾನೂ ನಕ್ಕೆ. ಚಹಾ ಹಂಗ ಬಿಟ್ಟ ಎದ್ದ ಬಂದೆ.”

“ನನಗೊಂದು ಪತ್ರ ಹಾಕಬೇಕಿತ್ರಿ ಕಾಕಾ.”

“ನನಗ ಬರಿಯಾಕ ಎಲ್ಲಿ ಬರ್ತೈತಿ? ಬರ್ಯಾಂವ ನೀನ ಇದ್ದಿ.”

ಆಗ ಹೇಳಿದೆ. “ನಾಚಿಕಿ ಬಂತ್ರಿ. ಇಂಗ್ಲಿಷ್ ಹಾಳ್ಯಾಗ ಅರಿವಿ ಸಾಬೂನ ಅಂತ ಬರದ್ರ ನಗ್ತಾರಂತ ಬಿಟ್ಟೆ. ನಿಮ್ಮ ಮುಂದ ಹಾಳ್ಯಾಗ ಐತಿ ಅನ್ನೂಹಂಗ ಓದಿದೆ.”

“ನಾಚಿಕಿ ನಿಂದು. ಸಹಿ ನಂದು.”

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು. ಚೀಲದಲ್ಲಿದ್ದ ಹೇಳಿಕೆ ಪತ್ರ ತೆಗೆದು, ಕಾರ್ಖಾನೆ ಇವರಿಂದ ಏನು ಕೇಳುತ್ತಿದೆ ಎಂಬುದನ್ನು ಹೇಳಿದೆ. ಕಾಕಾ ಅದನ್ನು ಮುಟ್ಟದೆ ಸೊಸೆಯ ಕಡೆ ನೋಡಿದರು. ಸೊಸೆ ಓದಿ, ಮಡಚಿ, ನನಗೇ ವಾಪಸು ಕೊಟ್ಟರು. “ಹೇಳಿಕಿ ಇವರದಲ್ರೀ ಸರ್. ನಿಮ್ಮದು ಬೇಕು.”

“ಇಲ್ಲೇ ಬರಿ” ಎಂದರು ಕಾಕಾ. “ಕನ್ನಡದಾಗ ಬರಿ. ಇಂಗ್ಲಿಷಿನ್ಯಾಗ ಆಮ್ಯಾಲ ಮಾಡಕೋ.”

ಹಳೆಯ ಅಲ್ಯುಮಿನಿಯಂ ತಾಟೊಂದನ್ನು ಕತ್ತರಿಸಿ ಮೂರು ಪಟ್ಟಿ ಮಾಡಿದರು. ಪಂಪಿನ ತಳ ಬೆಸೆಯಲು ಹಚ್ಚಿದ್ದ ಬ್ಲೋಲ್ಯಾಂಪ್ ಇನ್ನೂ ಕಟ್ಟೆಯ ಮೇಲೇ ಇತ್ತು. ಬಚ್ಚಲಿನ ಗೂಡಿನಿಂದ ಸೊಸೆ ಸಾಬೂನು ತಂದರೆ, “ಇದು ನೀಲಿದು, ಹೊಸಾ ನಮೂನಿದು. ಇದು ನಡಿಯೂದಿಲ್ಲ, ಬಣ್ಣ ತಪ್ಪ ಹೇಳ್ತೈತಿ. ಹಳದೀದು ತರಸು” ಎಂದು ಅಂಗಡಿಯಿಂದ ತರಿಸಿದರು. ನೀಲಿಯದು ನಡೆಯದು ಎಂಬ ಈ ಮಾತನ್ನು ನಾನು ಹಿಂದೆ ಕೇಳಿಯೇ ಇರಲಿಲ್ಲ. ಹೊಸ ಕೆಲಸಗಾರನಿಗೆ ಸಾಬೂನು ಹಚ್ಚಲು ಬಿಟ್ಟಿದ್ದರೂ ಅವನು ಸೋಲುತ್ತಿದ್ದ.

ಒಂದು ಪಟ್ಟಿಯನ್ನು ಕಡಿಮೆ ಕಾಸಿದರು, ಒಂದನ್ನು ಸರಿಯಾಗಿ, ಒಂದನ್ನು ಹೆಚ್ಚು. ಮೂರನ್ನೂ ಬಡಿದು ತೋರಿಸಿದರು. ಮೊದಲನೆಯದು ಸೀಳಿತು. ಮೂರನೆಯದು ಹುಣ್ಣಿನ ಮೇಲಿನ ಚರ್ಮದಂತೆ ಸುಕ್ಕಾಯಿತು. ನಡುವಿನದು ಅವರು ಹೇಳಿದ ಕಡೆ ಬಾಗಿತು. ನಾನು ಕಂದು ಬಣ್ಣ ಎಂದು ಬರೆದೆ.

“ಕಂದು ಅಂದ್ರ ಎಷ್ಟ ಕಂದು? ಎಮ್ಮಿ ಕರನೂ ಕಂದು, ಬೆಲ್ಲಾನೂ ಕಂದು. ನೀ ಬ್ಯಾಡಗಿ ಮನಿಶ್ಯಾ ಇದ್ದಿ. ವರ್ಷಗಟ್ಟಲೆ ಇಟ್ಟ ಮೆಣಸಿನಕಾಯಿ ಚೀಲದ ತಳದಾಗ ಆಗಿರ್ತೈತಲ್ಲ, ಆ ಬಣ್ಣ. ಕರಿ ಆಗಾಕ ಇನ್ನೊಂದ ಮೆಟ್ಲ ಇರ್ತೈತಿ.”

ಆ ಬಣ್ಣ ನನಗೆ ಗೊತ್ತಿತ್ತು. ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. “ಇದನ್ನೂ ಬರೀಲೇನ್ರಿ?”

“ಬರಿ. ಮೆಣಸಿನಕಾಯಿ ನೋಡದಾಂವ ಇದ್ರ ಈ ಪಟ್ಟಿ ಹಿಡಕೊಂಡ ನೋಡ್ತಾನ.”

ನನ್ನ ತಪ್ಪನ್ನೂ ಕಾಸುವ ಕ್ರಮವನ್ನೂ ಬರೆದು ಮುಗಿಸಿ ಓದಲು ಹೋದೆ. ಕಾಕಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಸೊಸೆಗೆ ಕೊಟ್ಟರು. ಆ ಹೆಣ್ಣುಮಗಳು ಓದುತ್ತಿದ್ದಷ್ಟು ಹೊತ್ತು ನನ್ನ ಡಿಗ್ರಿ, ನನ್ನ ಇಂಗ್ಲಿಷು, ನನ್ನ ಇಸ್ತ್ರಿ ಅಂಗಿ ಎಲ್ಲ ಅಲ್ಲೇ ಒಂದು ಮೂಲೆಯಲ್ಲಿ ಕುಳಿತಿದ್ದವು. ಓದಿ ಮುಗಿದ ಮೇಲೆ ಸಹಿಗೆಂದು ಪೆನ್ನು ಚಾಚಿದೆ.

“ನಾ ಒಮ್ಮಿ ಮಾಡೇನಿ. ಈಗ ನೀ ಮಾಡು.”

ಮಧ್ಯಾಹ್ನದ ಬಸ್ಸಿಗೆ ಅವರೂ ನನ್ನ ಜೊತೆ ಹೊರಟರು. ರಾಣೇಬೆನ್ನೂರಿನ ಹೊಟೇಲಿನಲ್ಲಿ ನಾಲ್ವರು ನಿವೃತ್ತರು ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕುಳಿತಿದ್ದರು. ಕಾಕಾ ಕುಳಿತುಕೊಳ್ಳದೆ ನನ್ನನ್ನು ಮುಂದೆ ಬಿಟ್ಟರು. ಕಾಕಾ ಸಾಬೂನಿನ ಗುಟ್ಟನ್ನು ನನಗೆ ಹೇಳಿದ್ದರು, ನಾನು ಬರೆಯಲಿಲ್ಲ, ಸುಳ್ಳು ಓದಿ ಸಹಿ ಹಾಕಿಸಿದೆ ಎಂದು ನಿಂತುಕೊಂಡೇ ಹೇಳಿದೆ.

ಗಂಟಿನ ಮಾತು ಆಡಿದವನು ಮಿರ್ಚಿಯ ತಟ್ಟೆಯನ್ನು ಕಾಕಾನ ಕಡೆ ಸರಿಸಿದ. “ಕುಂದರೋ ಮಾರಾಯಾ. ಆರಿ ಹೋಗ್ತಾವು.” ಆಮೇಲೆ ನನ್ನ ಕಡೆ ತಿರುಗಿ, “ಸಾಹೇಬ್ರ, ನಾ ಇಪ್ಪತ್ತೈದ ವರ್ಷ ತಗಡಿಗೆ ರಿವೆಟ್ ಮೊಳಿ ಹೊಡದೇನಿ. ನನ್ನ ಹಾಳಿ ಬರದವ್ರು ಯಾರ್ರಿ? ನೀವೇನು?” ಎಂದ.

“ಹೌದ್ರಿ, ನಾನ.”

“ಹಂಗಾರ ಅದನ್ನೂ ಒಮ್ಮೆ ನೋಡಿಬಿಡ್ರಿ.”

ಅದರಲ್ಲಿ ಕುಹಕವಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಫೈಲಿನಲ್ಲಿ ನಾನು ಬರೆದ ಹಾಳೆಗಳು ಎಷ್ಟೋ ಇದ್ದವು. ಎಷ್ಟು ಕಡೆ ಸಾಬೂನಿನಂಥದ್ದನ್ನು ತೊಳೆದು ಹಾಕಿದ್ದೆನೋ ನನಗೇ ನೆನಪಿರಲಿಲ್ಲ.

ಮರಳಿ ಹೋಗಿ ಅಧಿಕಾರಿಯ ಮುಂದೆ ನನ್ನ ಹೇಳಿಕೆ ಇಟ್ಟೆ. ಅವರು ಎರಡು ಸಲ ಓದಿದರು. “ಟೈಪಿಂಗಲ್ಲಿ ಒಂದು ಸಾಲು ಬಿಟ್ಟುಹೋಯ್ತು ಅಂತ ಬರೆದರೆ ಸಾಕಿತ್ತಲ್ರೀ. ಇಷ್ಟೆಲ್ಲ ಯಾಕೆ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಸಾಲು ತಾನಾಗಿ ಬಿಟ್ಟುಹೋಗಿರಲಿಲ್ಲ, ನಾನು ಬಿಟ್ಟಿದ್ದೆ ಎಂದೆ. ಕಾಕಾನ ಮೇಲಿನ ಟಿಪ್ಪಣಿಯನ್ನು ತೆಗೆದುಹಾಕಿದರು. ಆ ವರ್ಷದ ಬಡ್ತಿ ನನಗೆ ಸಿಗಲಿಲ್ಲ. ನ್ಯಾಯವಾಗಿಯೇ ಸಿಗಲಿಲ್ಲ. ಆದರೆ ಫೈಲಿನ ಕೆಲಸದಿಂದ ನನ್ನನ್ನು ತೆಗೆಯಬೇಡಿ, ಹಳೆಯ ಹಾಳೆಗಳನ್ನೆಲ್ಲ ಕೆಲಸಗಾರರ ಮುಂದೆ ಮತ್ತೆ ಓದಿಸಿ ತಿದ್ದುತ್ತೇನೆ ಎಂದು ಕೇಳಿಕೊಂಡೆ. ಒಪ್ಪಿದರು. ಓದುವವನು ನಾನಾಗಿರಬಾರದು ಎಂಬ ನಿಯಮವನ್ನು ನಾನೇ ಹಾಕಿಕೊಂಡೆ.

ಸಾಬೂನಿನ ಸಾಲು ಸೇರಿದ ಹೊಸ ಹಾಳೆಯ ಒಂದು ಪ್ರತಿಯನ್ನು ಕುಪ್ಪೇಲೂರಿಗೆ ಕಳಿಸಿದೆ. ಹತ್ತು ದಿನಕ್ಕೆ ಒಂದು ಕಾರ್ಡು ಬಂತು, ಸೊಸೆಯ ದುಂಡು ಅಕ್ಷರದಲ್ಲಿ. “ಮಾವನವರಿಗೆ ಪೂರ್ತಿ ಓದಿ ಹೇಳಿದೆ. ಬಣ್ಣದ ಮಾತು ಸರಿ ಇದೆ ಎಂದರು. ಸಾಬೂನು ಒಣಗಿರಬೇಕು, ನೀರು ತಾಗಿದ ಸಾಬೂನು ಹಚ್ಚಬಾರದು ಎಂಬುದು ಬಿಟ್ಟಿದೆಯಂತೆ. ಆ ದಿನ ಹೇಳಲು ತಾವೇ ಮರೆತಿದ್ದಾಗಿ ಬರೆಯಲು ಹೇಳಿದ್ದಾರೆ. ಸೇರಿಸಿರಿ.”

ಸೇರಿಸಿದೆ.