ದಾವೂದಸಾಬ ಹಾರಿಸದ ಗುಂಡು

ಮೊನ್ನೆ ಶುಕ್ರವಾರ ದಾವೂದಸಾಬ ತೀರಿಕೊಂಡ. ಎಂಬತ್ತನೆಯ ಇಸವಿಯ ಸುಗ್ಗಿ ಇನ್ನೂ ಮುಗಿದಿಲ್ಲ, ಆದರೂ ಅರ್ಧ ಊರು ಕೆಲಸ ಬಿಟ್ಟು ಮಣ್ಣಿಗೆ ಬಂದಿತ್ತು. ಹೊರಳಿ ಬರುವಾಗ ಚಹದಂಗಡಿಯ ಕಟ್ಟೆಯ ಮೇಲೆ ಕುಳಿತು ಪಂಚಾಯ್ತಿ ಈರಪ್ಪ ಹೇಳಿದ: "ಮನಷ್ಯಾ ಬಂಗಾರದಂಥಾವ. ಆ ಒಂದ ದಿನ ಕೈ ತಪ್ಪಿತ ನೋಡ್ರಿ, ಇಲ್ಲಂದ್ರ ಹೆಸರಿಗೆ ಒಂದ ಕಪ್ಪ ಚುಕ್ಕಿ ಇರಲಿಲ್ಲ."

ಎಲ್ಲರೂ ಗೋಣು ಹಾಕಿದರು. ನಾನೂ ಹಾಕಿದೆ. ಹಾಗೆ ಗೋಣು ಹಾಕಿದ ನನ್ನ ಬಗ್ಗೆ ನನಗೇ ಹೇಸಿಕೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೈ ತಪ್ಪಿದ್ದು ಅವನದಲ್ಲ. ಎಂಟು ವರ್ಷದ ಹಿಂದೆ ನಮ್ಮ ಹೊಲದ ಆಳಿನ ಹೆಂಡತಿ ಅನ್ನವ್ವನ ಕಾಲು ತೆಗೆದ ಗುಂಡನ್ನು ಹಾರಿಸಿದವನು ನಾನು, ಮಡಿವಾಳೆಪ್ಪ, ಮೊರಬದ ಬಾಜೂಕಿನ ಈ ಊರಿನಲ್ಲಿ ಅರವತ್ತು ಎಕರೆ ಎರೆಹೊಲ ಇರುವವನು. ಜೈಲಿಗೆ ಹೋದವನು ದಾವೂದಸಾಬ.

ಅವನು ಪಿಂಜಾರ. ಹತ್ತಿ ಬಡಿದು ಗಾದಿ ಹೊಲಿಯುವುದು ಅವನ ಕಸುಬು. ಕಸುಬಿನಲ್ಲಿ ಅವನಷ್ಟು ಹಟಮಾರಿಯನ್ನು ನಾನು ನೋಡಿಲ್ಲ. ಹತ್ತಿ ಚೆನ್ನಾಗಿಲ್ಲದಿದ್ದರೆ ಯಾರ ಮನೆಯೆಂದೂ ನೋಡುತ್ತಿರಲಿಲ್ಲ, "ಇದು ಹತ್ತಿ ಅಲ್ರಿ, ಕಸ. ದನದ ಕೆಳಗ ಹಾಸ್ರಿ" ಎಂದು ಹತ್ತಿ ಬಡಿಯುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಗಾದಿ ಮುಗಿದ ಮೇಲೆ ಮಾಡಿಸಿದವರು ಅಲ್ಲೇ ಮಲಗಿ ತೋರಿಸಬೇಕು. ನಮ್ಮ ದೊಡ್ಡಮ್ಮ ಶಿವಗಂಗವ್ವನನ್ನು, ಅಷ್ಟು ದಪ್ಪ ಹೆಂಗಸನ್ನು, ಅಂಗಳದಲ್ಲಿ ಎಲ್ಲರ ಮುಂದೆ ಮಲಗಿಸಿ, "ಬೆನ್ನಿಗೆ ಗಂಟ ಹತ್ತತೈತೇನಬೇ?" ಎಂದು ಕೇಳಿದ್ದ. ಮನೆಮಂದಿಯೆಲ್ಲ ನಕ್ಕರೂ ಅವನು ನಗಲಿಲ್ಲ.

ನಮ್ಮ ಮನೆಯ ಬಂದೂಕು ಹಾರಿಸುವುದು ಅವನ ಎರಡನೆಯ ಕೆಲಸ. ಬೆಳೆ ಕಾಯಲೆಂದು ನಮ್ಮ ಅಜ್ಜನ ಕಾಲದಲ್ಲಿ ಲೈಸೆನ್ಸು ಸಿಕ್ಕ ಜೋಡುನಳಿಗೆ ಅದು. ಆದರೆ ಲಿಂಗ ಕಟ್ಟಿದ ನಾವು ಅದನ್ನು ಹಿಡಿಯುವಂತಿರಲಿಲ್ಲ. ಮುಟ್ಟಿದರೆ ಸ್ನಾನ ಮಾಡಿಯೇ ಒಳಗೆ ಬರಬೇಕು. ಅದಕ್ಕೇ ಅಜ್ಜ ದಾವೂದನ ಅಪ್ಪನ ಕೈಗೆ ಕೊಟ್ಟಿದ್ದ, ಅಪ್ಪನಿಂದ ಮಗನಿಗೆ ಬಂತು. ಲೈಸೆನ್ಸಿನ ಕಾಗದದಲ್ಲಿ ಹಾರಿಸುವ ಆಳೆಂದು ದಾವೂದನ ಹೆಸರೂ ಇತ್ತು. ಬೆಳೆಗೆ ನುಗ್ಗಿದ ಜಿಂಕೆ, ನಮ್ಮ ಕಡೆಯ ಮಾತಿನಲ್ಲಿ ಚಿಗರಿ, ಗುಂಡಿಗೆ ಬಿದ್ದರೆ ಅದರ ಜೀವ ಹೋಗುವ ಮೊದಲೇ ಅವನು ಓಡಿಹೋಗಿ ಚೂರಿಯಿಂದ ಹಲಾಲ ಮಾಡುತ್ತಿದ್ದ. ಮಾಂಸ ಅವರ ಓಣಿಗೆ, ಕಡಲೆ ನಮಗೆ. "ಬೆಳಿ ನಮಗ, ಪಾಪ ನಿಮಗ" ಎಂದು ನಮ್ಮ ಅಪ್ಪ ಚೇಷ್ಟೆ ಮಾಡುತ್ತಿದ್ದ. ಆ ಮಾತಿಗೆ ನಾನೂ ನಗುತ್ತಿದ್ದೆ.

ದಾವೂದ ಯಾವಾಗಲೂ ಚರೆ, ಅಂದರೆ ಸಣ್ಣ ಸೀಸದ ಕಾಳು, ತುಂಬಿದ ಕಾಡತೂಸನ್ನೇ ಹಾಕುತ್ತಿದ್ದ. ಎಪ್ಪತ್ತೊಂದರ ಚಳಿಗಾಲದಲ್ಲಿ ಚರೆ ತಗುಲಿದ ಚಿಗರಿಯೊಂದು ಓಡಿಹೋಗಿ ಎರಡು ದಿನದ ಮೇಲೆ ನಮ್ಮ ಬಾವಿಯಲ್ಲಿ ಸತ್ತು ತೇಲಿತು. ನೀರು ಕೆಟ್ಟಿತು. ನನಗೆ ಸಿಟ್ಟು ನೆತ್ತಿಗೇರಿತು. ಹುಬ್ಬಳ್ಳಿಗೆ ಹೋಗಿ ಒಂಟಿಗುಂಡಿನ ಹತ್ತು ಕಾಡತೂಸು ತಂದೆ. ಹೆಬ್ಬೆರಳಿನಷ್ಟು ದಪ್ಪದ ಒಂದೇ ಸೀಸದ ಗುಂಡು, ಬಿದ್ದರೆ ಚಿಗರಿ ನಿಂತಲ್ಲೇ ಉರುಳಬೇಕು.

ದಾವೂದ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ ತಿರುಗಿ ಕೊಟ್ಟ. "ಬ್ಯಾಡ್ರಿ ಸಾವ್ಕಾರ್ರ. ಚರಿ ನಲವತ್ತ ಮಾರ ಹೋಗಿ ನೆಲಕ್ಕ ಬೀಳ್ತಾವು. ಈ ಗುಂಡಿಗೆ ಯಾರ ಸೀಮಿ ಎಲ್ಲಿ ಮುಗೀತೈತಿ ಅನ್ನೂದ ಗೊತ್ತಿಲ್ಲ. ನಮ್ಮದು ಬಯಲ ನೆಲ, ತಡಿಯಾಕ ಒಂದ ಗುಡ್ಡಿಲ್ಲ."

"ನೀ ಗಾದಿ ಹೊಲಿಯಾಂವ ಗಾದಿ ವಿಚಾರ ಹೇಳು" ಎಂದೆ. ಹೀಗೆಯೇ ಅಂದೆ. ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲಿದೆ.

ಎಳ್ಳಮಾವಾಸ್ಯೆಗೆ ಇನ್ನೂ ಹದಿನೈದು ದಿನವಿತ್ತು. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಕಡಲೆ ಹೊಲದಲ್ಲಿ ಚಿಗರಿಯ ಹಿಂಡು ನಿಂತಿತ್ತು. ನಾವಿಬ್ಬರೂ ಒಡ್ಡಿನ ಮರೆಯಲ್ಲಿದ್ದೆವು. ನಾನು ಹಟ ಹಿಡಿದದ್ದಕ್ಕೆ ದಾವೂದ ಒಂಟಿಗುಂಡನ್ನೇ ತುಂಬಿದ್ದ, ಆದರೆ ಬಂದೂಕು ಎತ್ತಲಿಲ್ಲ. "ಆ ದಿಕ್ಕಿಗೆ ಬ್ಯಾಡ್ರಿ. ಆಚಿ ಹೊಲದಾಗ ಕಡ್ಲಿ ಕುಡಿ ಚೂಟಾಕ ಹೆಣ್ಣಮಕ್ಳು ಬರ್ತಾರ. ಹಿಂಡ ಈ ಕಡಿ ಹೊಳ್ಳಲಿ."

"ಎಲ್ಲಿ ಅದಾರಲೇ? ನನಗೇನ ಕಣ್ಣಿಲ್ಲೇನು?"

ನೋಡಿದೆ, ಯಾರೂ ಕಾಣಲಿಲ್ಲ. ಕುಡಿ ಚೂಟುವವರು ಬಗ್ಗಿದರೆ ಕಾಣುವುದಿಲ್ಲ ಎಂಬುದು ಹುಟ್ಟಿದಾಗಿನಿಂದ ಈ ಹೊಲದಲ್ಲಿರುವ ನನಗೆ ಗೊತ್ತಿಲ್ಲದ್ದೇನಲ್ಲ. ಅವನ ಕೈಯಿಂದ ಬಂದೂಕು ಕಸಿದುಕೊಂಡೆ. ಎದೆಯ ಮೇಲಿದ್ದ ಲಿಂಗದ ಕರಡಿಗೆ ಅಡ್ಡ ಬರುತ್ತಿತ್ತು, ಅದನ್ನು ಬೆನ್ನಿಗೆ ಸರಿಸಿದೆ. ದೇವರನ್ನು ಬೆನ್ನಿಗೆ ಹಾಕಿ ಗುಂಡು ಹಾರಿಸಿದವನು ನಾನು.

ದೊಡ್ಡ ಕೋಡಿನ ಕರಿ ಗಂಡು ಚಿಗರಿ ಅಲ್ಲೇ ಕುಸಿಯಿತು. ಗುಂಡು ಅದರ ಕುತ್ತಿಗೆಯನ್ನು ತೂರಿ ಹೋಗಿತ್ತು. ದಾವೂದ ಚೂರಿ ಹಿಡಿದು ಓಡಿದ. ನಾನು ಬಂದೂಕನ್ನು ಒಡ್ಡಿನ ಮೇಲಿಟ್ಟು ಹುಡುಗನ ಹಾಗೆ ಕುಣಿದೆ. ದೂರದಲ್ಲಿ ಯಾರೋ ಚೀರಿದಂತಾಯಿತು. ಕಿವಿ ಗುಂಯ್ ಎನ್ನುತ್ತಿತ್ತು, ಯಾವುದೋ ಹಕ್ಕಿ ಎಂದುಕೊಂಡೆ. ದಾವೂದ ತಿರುಗಿ ಬಂದು, ಯಾವಾಗಿನಂತೆ ಖಾಲಿ ಕಾಡತೂಸು ತೆಗೆಯಲು ಬಂದೂಕು ಎತ್ತಿಕೊಂಡ. ನಮ್ಮ ಹೊಲದ ಆಳು ಲಕ್ಕಪ್ಪ ಒಡ್ಡು ಹತ್ತಿ ಬಂದದ್ದು ಆಗಲೇ. ಅವನ ಅಂಗಿಯೆಲ್ಲ ರಕ್ತ. "ನನ್ನ ಹೇಂತಿ" ಎಂದಷ್ಟೇ ಅಂದ. ದಾವೂದನ ಕೈಯಲ್ಲಿದ್ದ ಬಂದೂಕನ್ನು ನೋಡಿದ.

ಅನ್ನವ್ವನನ್ನು ಚಕ್ಕಡಿಯಲ್ಲಿ ಹಾಕಿ ರಸ್ತೆಗೆ ತಂದು, ಲಾರಿ ಹಿಡಿದು ಹುಬ್ಬಳ್ಳಿಗೆ ಒಯ್ದೆವು. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು.

ಮರುದಿನ ಪೊಲೀಸ್ ಫೌಜದಾರ ಚಾವಡಿಗೆ ಬಂದು ಕೇಳಿದ: "ಹಾರಿಸಿದವರು ಯಾರು?" ನಾನು ಬಾಯಿ ತೆರೆದೆ. ತೆರೆದಿದ್ದೆ, ಅದು ಸುಳ್ಳಲ್ಲ. ಅಷ್ಟರಲ್ಲಿ ಈರಪ್ಪ ನಕ್ಕು, "ಲಿಂಗಾ ಕಟ್ಟಿದವ್ರು ಬಂದೂಕ ಹಿಡೀತಾರೇನ್ರಿ ಸಾಹೇಬ್ರ?" ಎಂದ. ಲಕ್ಕಪ್ಪ ತಾನು ಕಂಡದ್ದನ್ನು ಹೇಳಿದ. ಯಾರೂ ನನಗೆ ಸುಳ್ಳು ಹೇಳೆನ್ನಲಿಲ್ಲ, ಹೇಳುವ ಕೆಲಸವೇ ಬೀಳಲಿಲ್ಲ. ಊರಿನ ನಂಬಿಕೆ ನನ್ನ ಪರವಾಗಿ ಸಾಕ್ಷಿ ನುಡಿಯಿತು. ತೆರೆದ ಬಾಯಿ ಮುಚ್ಚಿದೆ. ದಾವೂದ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅವನು ಫೌಜದಾರನ ಕಡೆ ತಿರುಗಿ ಹೇಳಿದ: "ನಾನ ರಿ."

ಎಂಟು ತಿಂಗಳು ಜೈಲು. ಬಂದೂಕು ಸರ್ಕಾರದ ಪಾಲಾಯಿತು. ಅವನ ಮನೆಗೆ ಜೋಳದ ಚೀಲ ಕಳಿಸಿದೆ. ಅವನ ಹೆಂಡತಿ ರಾಜಮಾಬಿ ಬಾಗಿಲಲ್ಲಿ ನಿಂತು, "ಅಲ್ಲೇ ಇಳಸ್ರಿ" ಎಂದಳಂತೆ. ತಿರುಗಿ ಕಳಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಮಕ್ಕಳಿದ್ದವು, ಇಟ್ಟುಕೊಂಡಳು. "ಮಾಡಿದ್ದುಣ್ಣೋ ಮಹಾರಾಯ" ಎಂದು ಅವನ ಬಗ್ಗೆ ಯಾರಾದರೂ ಅಂದರೆ, ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಬಿಡುಗಡೆಯಾಗಿ ಬಂದ ದಿನ ಅವನನ್ನು ಹೊಲದ ದಾರಿಯಲ್ಲಿ ತಡೆದು ಕೇಳಿದೆ: "ಯಾಕ ಒಪ್ಪಿಕೊಂಡಿ ದಾವೂದಾ?"

"ನೀವು ಹೇಳ್ಲಿಲ್ಲಲ್ರಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆಕಿ ಕಾಲ ಹೋಗೇತಿ. ಯಾರರ ಒಬ್ರು ನಾನ ಅನಬೇಕಿತ್ತು."

ಅಲ್ಲಿಂದ ನೇರವಾಗಿ ಅವನು ಅನ್ನವ್ವನ ಮನೆಗೆ ಹೋದ, ತಾನು ಮಾಡದ ತಪ್ಪಿಗೆ ಕ್ಷಮೆ ಕೇಳಲು. ನಾನೂ ಹಿಂದೆ ಹೋದೆ. ಹೊಸ್ತಿಲ ಹೊರಗೆ ಒಂದು ಕಾಲಿನ ಚಪ್ಪಲಿಯನ್ನಷ್ಟೇ ಬಿಟ್ಟಿದ್ದೆ. ಒಳಗೆ ಅನ್ನವ್ವನ ದನಿ ಕೇಳಿತು.

"ನೀ ಯಾಕ ಬಂದಿ ತಮ್ಮಾ? ಕುಡಿ ಚೂಟತಾ ಒಮ್ಮೆ ತಲಿ ಎತ್ತಿದಾಗ ನಾ ನೋಡೀನಿ. ಹಳದಿ ರುಮಾಲ ಸುತ್ತಿದವ್ರ ಕೈಯಾಗ ಬಂದೂಕ ಇತ್ತು. ಅವ್ರು ಬರ್ಲಿ."

"ಮತ್ತ ಫೌಜದಾರಗ ಹೇಳ್ಲಿಲ್ಲಲ್ಲಬೇ?"

"ನನ್ನ ಗಂಡ ಅವ್ರ ಹೊಲದಾಗ ದುಡೀತಾನ. ಕಾಲ ಹೋತು, ಕೂಳೂ ಹೋಗಲೇನು? ನಿನ್ನ ಮಾರಿ ನೋಡಾಕ ನನಗ ನಾಚಿಕಿ ಆಗತೈತಿ."

ಆಗ ನನ್ನ ತಲೆಯ ಮೇಲೆ ಅದೇ ಹಳದಿ ರುಮಾಲು ಇತ್ತು. ದಾವೂದ ಹೊರಗೆ ಬಂದು ನನ್ನನ್ನು ಕಂಡ. ನಾನು ಒಳಗೆ ಹೋಗಲೆಂದು ಬಾಗಿಲು ಬಿಟ್ಟು ಬಾಜು ಸರಿದು ನಿಂತ. ನಾನು ಬಿಟ್ಟ ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡು ಮನೆಗೆ ಬಂದೆ.

ಅಂದಿನಿಂದ ಪ್ರತಿ ವರ್ಷ ಚಳಿ ಬೀಳುವ ಮೊದಲು ದಾವೂದ ಅವಳ ಗಾದಿಯನ್ನು ಬಿಚ್ಚಿ ಹತ್ತಿ ಹೊಸದಾಗಿ ಬಡಿದು ಕೊಡುತ್ತಿದ್ದ. ಕಂಕುಳಿಗೆ ಒತ್ತಬಾರದೆಂದು ಊರುಗೋಲಿನ ತಲೆಗೆ ಅಂಗೈಯಗಲದ ಹತ್ತಿಯ ಮೆತ್ತೆ ಹೊಲಿದಿದ್ದ. ಅದನ್ನೂ ವರ್ಷಕ್ಕೊಮ್ಮೆ ಬದಲಿಸುತ್ತಿದ್ದ. ಬದಲಿಸಿದ ಮೇಲೆ ಅವಳು ಅಂಗಳದಲ್ಲಿ ನಡೆದು ತೋರಿಸಬೇಕು. "ಗಂಟ ಹತ್ತತೈತೇನಬೇ?" ಎಂದು ಕೇಳುವುದು ತಪ್ಪಲಿಲ್ಲ.

ಮೊನ್ನೆ ಚಹದಂಗಡಿಯಿಂದ ಎದ್ದು ಬರುವಾಗ ಅನ್ನವ್ವ ಬಾಗಿಲಲ್ಲಿ ನಿಂತಿದ್ದಳು. "ಮಣ್ಣ ಕೊಟ್ಟ ಬಂದ್ರಿ ಸಾವ್ಕಾರ್ರ?"

"ಹೂಂ" ಎಂದೆ.

ಅವಳು ಊರುಗೋಲಿನ ಮೆತ್ತೆ ತೋರಿಸಿದಳು. ಹೊಲಿಗೆ ಬಿಟ್ಟು ಹತ್ತಿ ಹೊರಬಂದಿತ್ತು. "ವರ್ಷಾ ವರ್ಷಾ ಅವ ಬರ್ತಿದ್ದ. ಇನ್ನ ಯಾರ ಬರ್ತಾರ್ರಿ?" ಎಂದು ನನ್ನ ಮುಖವನ್ನೇ ನೋಡಿದಳು.

ಒಂದೇ ಮಾತು ಸಾಕಾಗಿತ್ತು. ಎಂಟು ವರ್ಷದಿಂದ ನಾಲಿಗೆಯ ಮೇಲೆ ಕುಳಿತ ಮಾತು. ನಾನು ಅಂದದ್ದು ಇಷ್ಟು: "ಮೊರಬದಿಂದ ಬ್ಯಾರೆ ಪಿಂಜಾರನ್ನ ಕಳಸ್ತೀನಿ ತಗೋ."

"ಹೌದ್ರಿ" ಎಂದಳು ಅನ್ನವ್ವ. "ನೀವು ಮತ್ತೊಬ್ರನ್ನ ಕಳಸಾವ್ರ."