ದೊಡ್ಡ ಪಿಟೀಲಿನ ಸಣ್ಣ ಪಾಲು

ಸಂಗೀತದ ವಿಷಯದಲ್ಲಿ ನಾನು ಎಂಥವಳೆಂದರೆ, ಕಛೇರಿಯಲ್ಲಿ ಎಲ್ಲರೂ ತಲೆದೂಗುವಾಗ ನಾನೂ ದೂಗುತ್ತೇನೆ, ಆದರೆ ಅರೆಕ್ಷಣ ತಡವಾಗಿ. ಪಕ್ಕದವರನ್ನು ನೋಡಿಕೊಂಡು ದೂಗುವುದರಿಂದ ಅಷ್ಟು ತಡ ಆಗಿಯೇ ಆಗುತ್ತದೆ. ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಸಿಂಚನಾ, ಎಂಟನೇ ಕ್ಲಾಸಿನ ಹುಡುಗಿ, ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲ ಇಳಿಸುವ ಮೊದಲು, "ಅಮ್ಮಾ, ನಾನು ಆರ್ಕೆಸ್ಟ್ರಾ ಸೇರ್ಕೋತೀನಿ" ಎಂದಳು.

ಆರ್ಕೆಸ್ಟ್ರಾ ಎಂದರೆ ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಯಾರಿಗಾದರೂ ಕಣ್ಣಮುಂದೆ ಬರುವುದು ಗಣೇಶನ ಪೆಂಡಾಲು, ಬಣ್ಣದ ಲೈಟು, ಮಿಂಚುವ ಕೋಟು ಹಾಕಿಕೊಂಡು ಸಿನಿಮಾ ಹಾಡು ಹೇಳುವ ಒಬ್ಬ ಗಂಡಸು ಮತ್ತು ಮುಂದೆ ನಿಂತು ಶಿಳ್ಳೆ ಹೊಡೆಯುವ ಹುಡುಗರು. ನಮ್ಮ ಅತ್ತೆಯ ಕಣ್ಣಮುಂದೆಯೂ ಅದೇ ಬಂತು. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಸಿಂಚನಾ ಗಡಿಬಿಡಿಯಿಂದ ವಿವರಿಸಿದಳು. ಇದು ಅದಲ್ಲ, ದೇವನಹಳ್ಳಿಯಲ್ಲಿ ಯಾರೋ ಸಂಗೀತದ ಹುಚ್ಚಿನವರು ಸೇರಿ ಸುತ್ತಲಿನ ಊರುಗಳ ಮಕ್ಕಳಿಗಾಗಿ ಕಟ್ಟುತ್ತಿರುವ ಪಾಶ್ಚಾತ್ಯ ವಾದ್ಯವೃಂದ. ಪ್ರತಿ ಭಾನುವಾರ ಪಾಠ. ವಾದ್ಯ ಅವರೇ ಕೊಡುತ್ತಾರೆ, ಕಲಿಯುವಷ್ಟು ದಿನ ಮನೆಯಲ್ಲಿಟ್ಟುಕೊಳ್ಳಬಹುದು, ಬಿಟ್ಟಾಗ ವಾಪಸ್ಸು ಕೊಡಬೇಕು. ವಾದ್ಯ ಪುಕ್ಕಟೆ ಎಂದು ಕೇಳಿದ ಮೇಲೆ ಅತ್ತೆಯ ಕೈ ಮತ್ತೆ ಅವರೆಕಾಯಿಯ ಮೇಲೆ ಓಡತೊಡಗಿತು. ನಮ್ಮ ಮನೆಯಲ್ಲಿ ಅದನ್ನು ಒಪ್ಪಿಗೆ ಎಂದು ತಿಳಿಯಬೇಕು.

ಯಜಮಾನರನ್ನೂ ಒಂದು ಮಾತು ಕೇಳಿದೆವು. ಅವರು ಏರ್‌ಪೋರ್ಟಿನ ಕಾರ್ಗೋದಲ್ಲಿ ಶಿಫ್ಟು ಮುಗಿಸಿ ಬಂದು ಮಲಗಿದ್ದರು. "ಅಮ್ಮ ಏನಂದ್ರು?" ಎಂದು ಕೇಳಿ ಮಗ್ಗುಲು ಬದಲಿಸಿದರು.

ಮೊದಲ ಭಾನುವಾರ ನಮ್ಮವಳು ಪಿಟೀಲು ಕಲಿಯುವ ಆಸೆಯಿಂದ ಹೋದಳು. ಅಲ್ಲಿದ್ದ ಅರ್ಧ ಮಕ್ಕಳಿಗೂ ಅದೇ ಆಸೆ. ಕಲಿಸಲು ಬೆಂಗಳೂರಿನಿಂದ ಬರುವ ನ್ಯಾನ್ಸಿ ಮಿಸ್ ಇವಳ ತೋಳನ್ನು ಚಾಚಿಸಿ ನೋಡಿ, "ನಿಮ್ಮ ಮಗಳ ಕೈ ಉದ್ದ ಇದೆ ಮೇಡಂ. ವಿಯೋಲಾಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ನನಗೆ ಹೆಮ್ಮೆಯಾಯಿತು. ಆಮೇಲೆ ತಿಳಿದದ್ದೇನೆಂದರೆ, ವಿಯೋಲಾ ಪಿಟೀಲಿನ ಅಕ್ಕ ಇದ್ದಂತೆ: ಗಾತ್ರ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ಗಡಸು, ತಾನಾಗಿ ಕೇಳಿಕೊಂಡು ಬರುವವರು ಯಾರೂ ಇಲ್ಲ. ಆದ್ದರಿಂದ ಕಲಿಸುವವರು ಉದ್ದ ಕೈಯ ಮಕ್ಕಳನ್ನು ಹೊಗಳಿ ಹೊಗಳಿಯೇ ಅದಕ್ಕೆ ಕೂರಿಸಬೇಕಾಗುತ್ತದೆ. ಮದುವೆ ಮನೆಯಲ್ಲಿ "ನೀನು ಬಡಿಸಿದರೇ ಲಕ್ಷಣ" ಎಂದು ಹೇಳಿ ನನ್ನ ಕೈಗೆ ಸಾರಿನ ಬಕೆಟ್ಟು ಕೊಟ್ಟವರು ಎಷ್ಟು ಜನರೋ. ಆ ಹೊಗಳಿಕೆಯ ಜಾತಿ ಯಾವುದೆಂದು ನನಗೆ ಅವತ್ತೇ ಗೊತ್ತಾಗಬೇಕಿತ್ತು.

ಅಂದಿನಿಂದ ಪ್ರತಿ ಭಾನುವಾರ ನನ್ನ ಸ್ಕೂಟರಿನ ಹಿಂದೆ ಸಿಂಚನಾ, ಅವಳ ಬೆನ್ನಿಗೆ ವಿಯೋಲಾದ ಕಪ್ಪು ಪೆಟ್ಟಿಗೆ. ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಜೊತೆಗೇ ಬಂದ ಬೈಕಿನವನೊಬ್ಬ, "ಏನಕ್ಕಾ, ತೋಟಕ್ಕೆ ಔಷಧಿ ಹೊಡೆಯೋ ಮೆಷಿನ್ನಾ? ಯಾವ ಕಂಪ್ನಿದು?" ಎಂದು ಕೇಳಿದ. ವಿಯೋಲಾ ಎಂದೆ. ಆ ಕಂಪನಿ ತನಗೆ ಗೊತ್ತಿಲ್ಲವೆಂದು ಹೇಳಿ ಮುಂದೆ ಹೋದ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಝೂಂ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಝೂಂ, ಝೂಂ. ಮತ್ತೆ ಏನೂ ಇಲ್ಲ. ವಾರಗಳು ಕಳೆದವು, ಹಾಡು ಬರಲಿಲ್ಲ. ಇನ್ನೂ ಪಾಯ ಹಾಕುತ್ತಿದ್ದಾರೆ, ಗೋಡೆ ಆಮೇಲೆ ಏಳುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ತಡೆಯಲಾರದೆ ಕೇಳಿದಾಗ ಸಿಂಚನಾ ಹೇಳಿದಳು, ಇದೇ ತನ್ನ ಪಾಲು, ಪೂರ್ತಿ ಇಷ್ಟೇ. ಹಾಡು ಮುಂದಿನ ಸಾಲಿನ ಪಿಟೀಲಿನವರದ್ದು. ವಿಯೋಲಾದವರು ನಡುವೆ ಕೂತು ಅಲ್ಲಲ್ಲಿ ದನಿ ತುಂಬಬೇಕು, ಮಿಕ್ಕ ಹೊತ್ತು ಸುಮ್ಮನಿರಬೇಕು. ಸುಮ್ಮನಿರುವುದನ್ನೂ ಎಣಿಸಿಕೊಂಡೇ ಇರಬೇಕು. ಆ ಸ್ವರದ ಹಾಳೆಯಲ್ಲಿ ಮೌನಕ್ಕೂ ಒಂದು ಗುರುತಿದೆ. ಹಾಗಾಗಿ ಅವಳು ಮೌನವನ್ನೂ ಅಭ್ಯಾಸ ಮಾಡುತ್ತಿದ್ದಳು. ಕಮಾನು ಎತ್ತಿ ಹಿಡಿದು, ತುಟಿಯಲ್ಲೇ ಎಣಿಸುತ್ತಾ, ಕದಲದೆ ಕೂರುತ್ತಿದ್ದಳು.

"ಇವಳು ನುಡಿಸ್ತಾನೂ ಇಲ್ಲ, ಏಳ್ತಾನೂ ಇಲ್ಲ. ಯಾರಿಗಾದ್ರೂ ತೋರಿಸ್ಬೇಕೇನಮ್ಮಾ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. ಮನೆಯಲ್ಲಿ ಮಾತು ಬರಬೇಕಾದ ಕಡೆಯಲ್ಲೆಲ್ಲ ಮೌನದ ಗುರುತು ಹಾಕಿಕೊಂಡೇ ಸಂಸಾರ ಮಾಡಿರುವ ಅವರ ಮಗನನ್ನು ಇಷ್ಟು ವರ್ಷ ಯಾರಿಗೂ ತೋರಿಸಿರಲಿಲ್ಲ ಎಂಬುದನ್ನು ನಾನು ಹೇಳಲಿಲ್ಲ.

ಅತ್ತೆಯ ತಪ್ಪೂ ಅಲ್ಲ. ನಮ್ಮ ಕಡೆ ಸಂಗೀತವೆಂದರೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗುವುದು. ಸೋಬಾನೆಯಲ್ಲಿ ಒಬ್ಬಳು ಎತ್ತಿಕೊಟ್ಟರೆ ಮಿಕ್ಕವರು ಅದನ್ನೇ ಹೇಳುತ್ತಾರೆ. ಭಜನೆಯೂ ಹಾಗೆಯೇ. ಹಾಡುವವರ ಹಿಂದೆ ಪಿಟೀಲು ಹೋಗುತ್ತದೆ, ಪಿಟೀಲಿನ ಹಿಂದೆ ನನ್ನಂಥವರ ತಲೆ ಹೋಗುತ್ತದೆ. ಒಂದೇ ಚಪ್ಪರದಡಿ ಇಬ್ಬರು ಹೆಂಗಸರು ಒಂದೇ ಹೊತ್ತಿಗೆ ಬೇರೆ ಬೇರೆ ಹೇಳಿದರೆ ಅದನ್ನು ನಾವು ಜಗಳ ಎನ್ನುತ್ತೇವೆ. ಪಾಶ್ಚಾತ್ಯರು ಅದನ್ನು ಬರೆದಿಟ್ಟುಕೊಂಡು ಮಕ್ಕಳಿಗೆ ಕಲಿಸುತ್ತಾರೆ. ಹಾಡಿಲ್ಲದ ಪಾಲು ನಮ್ಮಲ್ಲೂ ಇಲ್ಲದೆ ಇಲ್ಲ. ಓಲಗದ ಮೇಳದಲ್ಲಿ ಶ್ರುತಿ ಹಿಡಿದು ಕೂರುವವನೊಬ್ಬ ಇರುತ್ತಾನೆ. ಆದರೆ ಅವನನ್ನು ಯಾರೂ ಮನೆಗೆ ಕರೆದು "ಎಲ್ಲಿ, ಒಂದು ಹಾಡು ಬಾರಿಸಪ್ಪಾ" ಎನ್ನುವುದಿಲ್ಲ. ಆ ಪುಣ್ಯ ಮಕ್ಕಳಿಗಿಲ್ಲ. ನೆಂಟರಿಗೆ ಕಾಫಿ ಕೊಟ್ಟಾದ ಮೇಲೆ ಮಕ್ಕಳನ್ನು ಕೊಡುವುದು ನಮ್ಮಲ್ಲಿ ಪದ್ಧತಿ.

ಅತ್ತೆಯ ತಂಗಿಯ ಮನೆ ಸೂಲಿಬೆಲೆಯಲ್ಲಿ. ಅಲ್ಲಿ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಎಲ್ಲರೂ ಹೋದೆವು. "ಪೆಟ್ಟಿಗೆನೂ ಇಟ್ಕೊ ಮಗಾ" ಎಂದು ಅತ್ತೆಯೇ ಹೇಳಿದರು. ಅದಕ್ಕೆ ಕಾರಣವಿತ್ತು. ಆ ತಂಗಿಯ ಇನ್ನೊಬ್ಬ ಮೊಮ್ಮಗಳು ಹಾಡುಗಾರಿಕೆ ಕಲಿಯುತ್ತಾಳೆ, ಎಲ್ಲ ಸಮಾರಂಭದಲ್ಲೂ ಹಾಡುತ್ತಾಳೆ, ಪ್ರತಿ ಸಲವೂ ನಮ್ಮ ಅತ್ತೆ ಎದುರು ಕೂತು ಚಪ್ಪಾಳೆ ತಟ್ಟಬೇಕಾಗುತ್ತದೆ. ಅವತ್ತೂ ಆ ಹುಡುಗಿ ಒಂದು ದೇವರನಾಮ ಹಾಡಿದಳು, ಚೆನ್ನಾಗಿಯೇ ಹಾಡಿದಳು. ಚಪ್ಪಾಳೆ ಮುಗಿಯುವಷ್ಟರಲ್ಲಿ ಅತ್ತೆ ಎದ್ದು ನಿಂತು, "ನಮ್ ಸಿಂಚನಾನೂ ದೇವನಹಳ್ಳಿಲಿ ದೊಡ್ಡ ಆರ್ಕೆಸ್ಟ್ರಾದಲ್ಲಿದ್ದಾಳೆ. ಇಂಗ್ಲಿಷ್ ಸಂಗೀತ" ಎಂದು ಸಾರಿದರು. ಜನ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಸಿಂಚನಾ ವಿಯೋಲಾವನ್ನು ಗಲ್ಲಕ್ಕೆ ಆನಿಸಿಕೊಂಡು, ಕಮಾನು ಎತ್ತಿ, ಅಲ್ಲಿ ಇಲ್ಲದ ಪಿಟೀಲಿನವರಿಗೆ ಕತ್ತು ಆಡಿಸಿ ಶುರು ಮಾಡಿಸಿದಳು. ಅವಳ ಪಾಲು ಶುರುವಾಗುವುದೇ ಮೌನದಿಂದ. ತುಟಿ ಅಲುಗುತ್ತಿತ್ತು, ಕೈ ಅಲುಗಲಿಲ್ಲ. ನಾವೆಲ್ಲ ಕಾದೆವು.

"ಕರೆಂಟ್ ಇಲ್ವೇನಮ್ಮಾ?" ಎಂದು ಹಿಂದಿನಿಂದ ಒಬ್ಬ ದೊಡ್ಡಪ್ಪ ಮರುಕದಿಂದ ಕೇಳಿದರು. ಯಾರೋ ಸ್ವಿಚ್ಚು ನೋಡಲು ಎದ್ದೂಬಿಟ್ಟರು.

ಝೂಂ. ಝೂಂ, ಝೂಂ. ಮತ್ತೆ ಮೌನ.

"ಸುಮ್ನಿರ್ರೋ, ಶ್ರುತಿ ಮಾಡ್ಕೋತಾ ಇದಾಳೆ" ಎಂದು ಇನ್ನೊಬ್ಬರು ಗದರಿದರು. ಅವಳು ತನ್ನ ಪಾಲನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಬಿಡುವನ್ನೂ ಬಿಡದೆ ನುಡಿಸಿ, ಕಮಾನು ಇಳಿಸಿ, ಕಲಿಸಿಕೊಟ್ಟಂತೆ ಬಾಗಿ ನಮಸ್ಕರಿಸಿದಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅತ್ತೆಯ ತಂಗಿ ಪ್ರೀತಿಯಿಂದಲೇ, "ಹೂಂ, ಎಲ್ಲಾ ಸರಿ ಮಾಡ್ಕೊಂಡ್ಯಲ್ಲಾ, ಈಗ ಹಾಡು ಶುರು ಮಾಡು ಕಂದಾ" ಎಂದರು.

ನನಗೆ ನಗು ಬಂದಿತ್ತು, ನಿಜವನ್ನೇ ಹೇಳಬೇಕಲ್ಲ. ಮಗಳ ಮುಖ ನೋಡಿದೆ, ನಗು ಹೋಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು, "ಅಮ್ಮಾ, ನಾನು ಒಂದೂ ತಪ್ಪು ಮಾಡ್ಲಿಲ್ಲ" ಎಂದಳು. ಹೌದು ಕಂದಾ ಎಂದೆ.

ಮನೆ ಮುಟ್ಟಿದ ಮೇಲೆ ಅತ್ತೆ ಕೈಕಾಲು ತೊಳೆದು ಬಂದು ತೀರ್ಪು ಕೊಟ್ಟರು. "ಒಪ್ಕೊಂಡಿರೋ ಪ್ರೋಗ್ರಾಮು ಒಂದು ಮುಗಿಸ್ಲಿ. ಅದಾದ್ಮೇಲೆ ಆ ಪೆಟ್ಟಿಗೆ ಅವರಿಗೆ ಕೊಟ್ಬಿಡಿ. ಹಾಡೋಕೆ ಹಾಕೋಣ. ಒಂದು ಹಾಡೂ ಬರ್ದೆ ಇರೋ ಸಂಗೀತ ಯಾಕಮ್ಮಾ ಮಗೂಗೆ?" ನಾನು ಯಜಮಾನರ ಕಡೆ ನೋಡಿದೆ. ಅವರು ತಮ್ಮ ಪಾಲಿನ ಬಿಡುವನ್ನು ಎಣಿಸುತ್ತಿದ್ದರು. ಅವತ್ತು ಸಿಂಚನಾ ಅಳಲಿಲ್ಲ. ಮಲಗುವಾಗ ಮಾತ್ರ, "ನಾವು ನಡುವೆ ಕೂರ್ತೀವಲ್ಲಮ್ಮಾ, ಎಲ್ಲಾ ದನೀನೂ ನನ್ ಸುತ್ತ ಇರುತ್ತೆ. ಮುಂದೆ ಕೂತೋರಿಗೆ ಹಂಗೆ ಕೇಳ್ಸಲ್ಲ" ಎಂದಳು. ಪಿಟೀಲು ಸಿಗಲಿಲ್ಲವೆಂದು ಮುಖ ಊದಿಸಿಕೊಂಡಿದ್ದ ಹುಡುಗಿ ಯಾವಾಗ ಹೀಗಾದಳೋ ನನಗೆ ತಿಳಿದಿರಲಿಲ್ಲ. ಅವಳಿಂದ ಅದನ್ನು ಕಿತ್ತು ವಾಪಸ್ಸು ಕೊಡುವವಳು ನಾನೇ ಆಗಬೇಕಲ್ಲ ಎಂದು ನನಗೆ ಆ ವಾರವೆಲ್ಲ ಅನ್ನ ರುಚಿಸಲಿಲ್ಲ.

ಕಾರ್ಯಕ್ರಮಕ್ಕೆ ಇನ್ನೂ ಎರಡು ತಿಂಗಳಿತ್ತು. ಝೂಂ ಮುಂದುವರಿಯಿತು. ಮೊದಮೊದಲು ಅತ್ತೆ ಅದು ಕೇಳಬಾರದೆಂದು ಧಾರಾವಾಹಿಯ ಸದ್ದು ಜೋರು ಮಾಡುತ್ತಿದ್ದರು. ಆಮೇಲೆ ಯಾಕೋ ಅಷ್ಟು ಜೋರು ಇರಲಿಲ್ಲ. ಅವರಿಗೆ ರಿಮೋಟು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ. ನಾನು ಕೆಲಸ ಮಾಡುವ ಕಾಲೇಜಿನ ಆಫೀಸಿನಲ್ಲಿ ಅರ್ಜಿಗಳಿಗೆ ಸೀಲು ಒತ್ತುವಾಗ ಒಂದು ಒತ್ತಿ, ತಡೆದು, ಆಮೇಲೆ ಎರಡು ಒತ್ತುತ್ತೇನೆಂದು ಪಕ್ಕದ ಮೇಜಿನವರು ಹೇಳಿದ ಮೇಲೆ ನನಗೆ ನನ್ನ ಸ್ಥಿತಿ ಗೊತ್ತಾಯಿತು.

ಕಾರ್ಯಕ್ರಮ ನಡೆದದ್ದು ದೇವನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಆರತಕ್ಷತೆಯ ಹೂವು ಇನ್ನೂ ಬಿಚ್ಚಿರಲಿಲ್ಲ. ಯಾರೋ ವಧೂವರರ ಹೆಸರಿದ್ದ ಥರ್ಮೋಕೋಲಿನ ಕೆಳಗೆ ನಮ್ಮ ಮಕ್ಕಳು ಬಿಳಿ ಅಂಗಿ ತೊಟ್ಟು ಸಾಲಾಗಿ ಕೂತರು. ಅತ್ತೆಯೂ ಬಂದಿದ್ದರು, ಸಂಗೀತ ಕೇಳಲು ಅಲ್ಲ, ಪೆಟ್ಟಿಗೆ ವಾಪಸ್ಸಾಗುವುದನ್ನು ಕಣ್ಣಾರೆ ನೋಡಲು. ಈ ವಿಷಯದಲ್ಲಿ ಅವರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ, ಇರಬೇಕಾದ್ದೂ ಇಲ್ಲ.

ನ್ಯಾನ್ಸಿ ಮಿಸ್ ಕೈಯೆತ್ತಿದರು. ಮುಂದಿನ ಸಾಲಿನ ಪಿಟೀಲುಗಳು ಹಾಡು ಎತ್ತಿಕೊಂಡವು. ಮನೆಯಲ್ಲಿ ಎಂದೂ ಕೇಳಿರದ ಆ ಹಾಡನ್ನು ಕೇಳಿ ನನಗೆ ಮೊದಲು ಅನ್ನಿಸಿದ್ದು ಇಷ್ಟೇ: ಇದೇನಿದು, ನಮ್ಮ ಝೂಂ ಹಾಡಿನ ಮೇಲೆ ಇವರು ಇನ್ನೇನನ್ನೋ ನುಡಿಸುತ್ತಿದ್ದಾರಲ್ಲ. ಪಕ್ಕಕ್ಕೆ ತಿರುಗಿದೆ. ಅತ್ತೆಯ ಹೆಬ್ಬೆರಳು ಜಪಕ್ಕೆ ಕೂತಂತೆ ಬೆರಳ ಗೆಣ್ಣಿನ ಮೇಲೆ ಸರಿಯುತ್ತಿತ್ತು. ಗೆಣ್ಣು ಮುಗಿಯುವಾಗ ಮೊಣಕೈಯಲ್ಲಿ ನನ್ನನ್ನು ತಿವಿದು, "ಈಗ" ಎಂದರು. ನಡುವಿನ ಸಾಲಿನಲ್ಲಿ ಸಿಂಚನಾಳ ಕಮಾನು ಏಳುವುದಕ್ಕೂ ಅದಕ್ಕೂ ಸರಿಹೋಯಿತು. ಕೊನೆಯವರೆಗೂ ಹಾಗೆಯೇ, ಒಂದು ಕಡೆಯೂ ಅವರ ಎಣಿಕೆ ತಪ್ಪಲಿಲ್ಲ. ನನ್ನ ಪಕ್ಕೆ ನಾಲ್ಕು ದಿನ ನೋಯುತ್ತಿತ್ತು.

ಸುತ್ತ ನೋಡಿದರೆ ಮಂಟಪದ ತುಂಬ ಇದೇ ಕಥೆ. ಕೊಳಲಿನವನ ತಾಯಿ ಕೊಳಲು ಬಂದಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಡ್ರಮ್ಮಿನವನ ತಂದೆ ಡ್ರಮ್ಮು ಬರುವವರೆಗೆ ಮೊಬೈಲು ನೋಡುತ್ತಿದ್ದರು. ಅಷ್ಟು ಜನರಿದ್ದೆವು, ಒಬ್ಬೊಬ್ಬರೂ ಒಂದೊಂದು ಸಂಗೀತ ಕೇಳಿಕೊಂಡು ಎದ್ದೆವು. ಪೂರ್ತಿ ಕೇಳಿದವರು ಯಾರಾದರೂ ಇದ್ದರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಇರಬೇಕು, ಅವರ ಮಕ್ಕಳು ಯಾರೂ ವೇದಿಕೆಯ ಮೇಲಿರಲಿಲ್ಲ.

ಮುಗಿದ ಮೇಲೆ ಪೆಟ್ಟಿಗೆ ಎತ್ತಿಕೊಂಡು ಮೂವರೂ ನ್ಯಾನ್ಸಿ ಮಿಸ್ ಹತ್ತಿರ ಹೋದೆವು. ಸಿಂಚನಾ ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಮಾತು ತೆಗೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು. ಸಿಟ್ಟಿನಿಂದ ಅವರ ಮುಖ ಕೆಂಪಾಗಿತ್ತು.

"ನೋಡಿ ಮಿಸ್, ಮಕ್ಕಳೆಲ್ಲ ಚೆನ್ನಾಗೇ ಇದಾವೆ, ಇಲ್ಲಾ ಅನ್ನಲ್ಲ. ಆದ್ರೆ ನಮ್ ಹುಡುಗಿ ಎಷ್ಟು ಚೆನ್ನಾಗಿ ನುಡಿಸ್ತಾ ಇದ್ರೆ ಆ ಮುಂದ್ಗಡೆ ಪಿಟೀಲಿನವು ಮೇಲೆ ಬಿದ್ದು ಗಲಾಟೆ ಮಾಡ್ತವೆ. ಯಾರಿಗೂ ಕೇಳಿಸ್ಲೇ ಇಲ್ಲ. ಮುಂದಿನ್ ಸಲ ಅವನ್ನ ಒಂಚೂರು ಸುಮ್ನಿರ್ಸಿ."

"ಆಯ್ತಮ್ಮ, ಮುಂದಿನ ಸಲ ನೋಡ್ಕೋತೀನಿ" ಎಂದರು ನ್ಯಾನ್ಸಿ ಮಿಸ್, ನಗದೆ.

ಸಿಂಚನಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಪೆಟ್ಟಿಗೆಯನ್ನು ಬೆನ್ನಿಗೇರಿಸಿಕೊಂಡು ಬಾಗಿಲ ಕಡೆ ನಡೆದಳು. ನಾನು ಅತ್ತೆಯ ಕೈ ಹಿಡಿದು, ಬಸ್ಸು ಹೋಗಿಬಿಡುತ್ತದೆ ಎಂದು ಅವಸರ ಮಾಡಿದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆದರೆ ತೀರ್ಪು ನಮ್ಮ ಕಡೆಗಾದಾಗ ಇನ್ನೊಮ್ಮೆ ಓದಿ ಎಂದು ಕೋರ್ಟಿನಲ್ಲಿ ಯಾರೂ ಕೇಳುವುದಿಲ್ಲ.